ಕಾರವಾರದ ಒಂದೇ ಕುರ್ಚಿಯ ಪಾರ್ಲರ್, ಮಗಳ ಕೂದಲಿಗೆ ನವಿಲು ಬಣ್ಣ

ಮೊದಲೇ ಹೇಳಿಬಿಡುತ್ತೇನೆ, ಪಾರ್ಲರ್ ಹೆಸರು ಇಲ್ಲಿ ಬರೆಯುತ್ತಿಲ್ಲ. ಒಬ್ಬರೇ ನಡೆಸುವ ಪಾರ್ಲರ್, ಮನೆಯ ಮುಂದಿನ ಕೋಣೆ, ಒಂದೇ ಕುರ್ಚಿ. ಮದುವೆ ಸೀಸನ್‌ನಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. "ಹೆಸರು ಮಾತ್ರ ಹಾಕಬೇಡಿ ಅಕ್ಕಾ, ಒಮ್ಮೆಲೇ ಜನ ಬಂದರೆ ನನ್ನಿಂದ ಆಗೋದಿಲ್ಲ" ಎಂದು ಅವರೇ ಕೇಳಿಕೊಂಡರು. ಆದರೆ ಅವರು ಕೆಲಸ ಮಾಡಿದ ರೀತಿ ಬಗ್ಗೆ ಬರೆಯಲೇಬೇಕು. ರಜೆ ಬಂತೆಂದರೆ ಕೂದಲಿಗೆ ಬಣ್ಣ ಬೇಕು ಎಂದು ಹಠ ಹಿಡಿಯುವ ಮಕ್ಕಳು ಈಗ ನಮ್ಮ ಕಡೆಯೂ ಮನೆಗೊಬ್ಬರಿದ್ದಾರೆ. ಯಾವ ಪಾರ್ಲರ್‌ಗೆ ಕರೆದುಕೊಂಡು ಹೋಗಬೇಕು, ಅಲ್ಲಿ ಏನು ಕೇಳಬೇಕು ಎನ್ನುವುದು ನಮಗೆ ತಾಯಂದಿರಿಗೆ ಗೊತ್ತಿರುವುದಿಲ್ಲ. ನನಗಂತೂ ಗೊತ್ತಿರಲಿಲ್ಲ.

ನನ್ನ ಮಗಳಿಗೆ ಈ ಆಸೆ ಹುಟ್ಟಿದ್ದು ಶಿರಸಿಯಲ್ಲಿ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿ ಸಮಯದಲ್ಲಿ ಅಲ್ಲಿ ಬೇಡರ ವೇಷ ಕಟ್ಟುತ್ತಾರಲ್ಲ, ಅದನ್ನು ನೋಡಲು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂದಿದ್ದರೂ ಹಟ ಮಾಡಿ ಅಜ್ಜನ ಮನೆಗೆ ಹೋಗಿದ್ದಳು. ರಾತ್ರಿ ತಮಟೆ ಬಡಿತಕ್ಕೆ ವೇಷದವರು ಕುಣಿಯುವಾಗ ಬೆನ್ನಿಗೆ ಕಟ್ಟಿದ ನವಿಲುಗರಿ ಬೀದಿ ದೀಪದಲ್ಲಿ ಒಮ್ಮೆ ಹಸಿರು, ಒಮ್ಮೆ ನೀಲಿ ಕಾಣುತ್ತಿತ್ತಂತೆ. ವಾಪಸ್ ಬರುವಾಗ ಅಜ್ಜನ ಮನೆಯ ಮಾಡಿಗೆ ಸಿಕ್ಕಿಸಿಟ್ಟಿದ್ದ ಒಂದು ಹಳೆಯ ಗರಿ ತಂದು ವಿಜ್ಞಾನ ಪುಸ್ತಕದೊಳಗೆ ಇಟ್ಟುಕೊಂಡಳು. ಪರೀಕ್ಷೆ ಮುಗಿದ ಸಂಜೆ ಆ ಗರಿ ಹಿಡಿದುಕೊಂಡೇ ಬಂದು, "ಆಯಿ, ನಂಗೆ ಕೂದಲು ಈ ಬಣ್ಣ ಬೇಕು" ಎಂದಳು.

ನಾನು ಬೇಡ ಎಂದೆ. ಅವಳ ಕೂದಲು ಸೊಂಟದವರೆಗೆ ಇದೆ. ಸಣ್ಣವಳಿದ್ದಾಗಿನಿಂದ ನಾನೇ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ ಬೆಳೆಸಿದ್ದು. ಅದು ಹಾಳಾಗುತ್ತದೆ ಎನ್ನುವ ಭಯವೇ ಜಾಸ್ತಿ ಇತ್ತು, ಜನ ಏನಂತಾರೆ ಎನ್ನುವುದು ಆಮೇಲಿನದು. ಅವಳು ಅಳಲಿಲ್ಲ, ಕೂಗಲಿಲ್ಲ. "ಕಾಲೇಜು ಶುರುವಾದ ಮೇಲೆ ಹೇಗೂ ಬಿಡೋದಿಲ್ಲ. ಈ ಎರಡು ತಿಂಗಳು ಮಾತ್ರ ಇರೋದು ಅಲ್ವಾ?" ಎಂದು ಕೇಳಿ ಸುಮ್ಮನಾದಳು. ಆ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಹತ್ತನೇ ತರಗತಿಯ ಒಂದು ವರ್ಷ ಆ ಹುಡುಗಿ ಏನೂ ಕೇಳಿರಲಿಲ್ಲ. ಸರಿ, ಮಾಡಿಸುವುದಾದರೆ ಸರಿಯಾಗಿ ಮಾಡಿಸೋಣ ಎಂದು ಒಪ್ಪಿಕೊಂಡೆ.

ಮೊದಲು ಹೋದ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಸಿ, ದೊಡ್ಡ ಕನ್ನಡಿ, ಗೋಡೆ ತುಂಬಾ ಬಣ್ಣದ ಕೂದಲಿನ ಫೋಟೋ. ಮಗಳು ಗರಿ ತೋರಿಸಿದ ಕೂಡಲೇ "ಆಗ್ತದೆ, ಇವತ್ತೇ ಮಾಡಿಬಿಡುವಾ, ಎರಡು ತಾಸು ಸಾಕು" ಎಂದರು. ಇಡೀ ತಲೆಗೆ ಬ್ಲೀಚ್, ಅಂದರೆ ಕೂದಲಿನ ಕಪ್ಪು ತೆಗೆಯುವ ಪುಡಿ, ಅದೂ ತುಂಬಾ ಜೋರಿನ 40 ವಾಲ್ಯೂಮ್ ಪೆರಾಕ್ಸೈಡ್ ಬೆರೆಸಿ. ಚರ್ಮಕ್ಕೆ ಹಚ್ಚಿ ನೋಡುವುದಿಲ್ಲವಾ ಎಂದು ಕೇಳಿದ್ದಕ್ಕೆ, ಈ ವಯಸ್ಸಿಗೆ ಏನೂ ಆಗೋದಿಲ್ಲ ಎಂದರು. ನನ್ನ ಅಕ್ಕನ ಮಗಳಿಗೆ ಬೇರೆ ಊರಿನಲ್ಲಿ ಹೀಗೇ ಹೇಳಿ ಮಾಡಿ, ನೆತ್ತಿಯೆಲ್ಲ ಗುಳ್ಳೆ ಎದ್ದು, ಹತ್ತು ದಿನ ಬಾಚಣಿಗೆ ಮುಟ್ಟಿಸಲು ಆಗಿರಲಿಲ್ಲ. ನಾನು ಮಗಳ ಕೈ ಹಿಡಿದು ಎದ್ದು ಬಂದೆ. ಅವಳು ಆಗ ಮಡಗಾಂವ್‌ಗೆ ಹೋಗೋಣ, ರೈಲು ಇದೆಯಲ್ಲ ಎಂದಳು. ದೊಡ್ಡ ಊರು ಎಂದಮಾತ್ರಕ್ಕೆ ಕೆಲಸ ಒಳ್ಳೆಯದಿರುತ್ತದೆ ಎಂದು ನಾನು ನಂಬುವುದಿಲ್ಲ. ಆಫೀಸಿನಲ್ಲಿ ಒಬ್ಬರು ಈ ಪಾರ್ಲರ್ ಹೇಳಿದರು. ಮೊದಲು ಗೋವಾದಲ್ಲಿ ಕೆಲಸ ಮಾಡುತ್ತಿದ್ದವರು, ಈಗ ಇಲ್ಲೇ ಮನೆಯಲ್ಲಿ ಮಾಡುತ್ತಾರೆ ಎಂದರು.

ಅಲ್ಲಿ ಮೊದಲ ದಿನ ನಾವು ಹೋದ ಕೂಡಲೇ ಅವರು ಬಣ್ಣದ ಟ್ಯೂಬ್ ಹೊರಗೆ ತೆಗೆಯಲಿಲ್ಲ. ಮೊದಲು ಬರೀ ಪ್ರಶ್ನೆ. ವಯಸ್ಸೆಷ್ಟು? 16 ತುಂಬಿದೆಯಾ? ಯುರೋಪ್‌ನಲ್ಲಿ ಮಾರುವ ಪರ್ಮನೆಂಟ್ ಹೇರ್ ಡೈ ಪ್ಯಾಕೆಟ್ ಮೇಲೆ 16 ವರ್ಷದ ಒಳಗಿನವರಿಗಲ್ಲ ಎಂದು ಬರೆದಿರುತ್ತದೆ, ನಾನೂ ಅದನ್ನೇ ನಿಯಮ ಮಾಡಿಕೊಂಡಿದ್ದೇನೆ ಎಂದರು. ದಮ್ಮು ಇದೆಯಾ? ಬ್ಲೀಚ್ ಪುಡಿಯಲ್ಲಿ ಪರ್‌ಸಲ್ಫೇಟ್ ಎನ್ನುವ ರಾಸಾಯನಿಕ ಇರುತ್ತದೆ, ಅದರ ಧೂಳು ಉಸಿರಿಗೆ ಹೋದರೆ ದಮ್ಮು ಇರುವವರಿಗೆ ತೊಂದರೆ. ಕೈಗೆ ಯಾವತ್ತಾದರೂ ಕಪ್ಪು ಮೆಹಂದಿ ಹಾಕಿಸಿಕೊಂಡು ತುರಿಕೆ ಬಂದಿತ್ತಾ? ಈ ಪ್ರಶ್ನೆ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಮದರಂಗಿ ಸೊಪ್ಪು ಕೊಡುವುದು ಕೇಸರಿ, ಕೆಂಪು ಬಣ್ಣ ಮಾತ್ರ. ಕಪ್ಪಾಗಲಿ ಎಂದು ಅದಕ್ಕೆ ಪಿಪಿಡಿ ಎನ್ನುವ ರಾಸಾಯನಿಕ ಸೇರಿಸುತ್ತಾರಂತೆ. ಹೆಚ್ಚಿನ ಕಪ್ಪು ಹೇರ್ ಡೈಯಲ್ಲಿ ಇರುವುದೂ ಅದೇ. ಒಮ್ಮೆ ಅದಕ್ಕೆ ಅಲರ್ಜಿ ಶುರುವಾದರೆ ಜೀವನವಿಡೀ ಉಳಿಯಬಹುದು. ಮುಂದೆ ಕೂದಲು ಬೆಳ್ಳಗಾದಾಗ ಡೈ ಹಚ್ಚಿಕೊಳ್ಳಲೂ ಆಗದ ಹಾಗೆ.

ಆಮೇಲೆ, ಕೂದಲಿಗೆ ಮದರಂಗಿ ಹಚ್ಚಿದ್ದು ಯಾವಾಗ ಎಂದರು. ನಾವು ಹಚ್ಚಿಲ್ಲ ಎಂದೆ. ಮಗಳು ಮೆಲ್ಲಗೆ, ಎರಡು ವರ್ಷದ ಹಿಂದೆ ಚಿಕ್ಕಮ್ಮನ ಮದುವೆಗೆ ಮುಂದಿನ ಎರಡು ಕುಚ್ಚಿಗೆ ಮಾತ್ರ ಪ್ಯಾಕೆಟ್ ಮೆಹಂದಿ ಹಚ್ಚಿಕೊಂಡಿದ್ದೆ ಎಂದಳು. ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ! ಅವರು ಟೇಪ್ ತೆಗೆದು ಹಣೆಯಿಂದ ಅಳೆದರು. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಎರಡು ವರ್ಷಕ್ಕೆ 24. ಅಲ್ಲಿಂದ ಕೆಳಗೆ ಮೆಹಂದಿ ಇನ್ನೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂದರು. ಬಿಸಿಲಿಗೆ ಹಿಡಿದು ತೋರಿಸಿದರು. ಹೌದು, ಸರಿಯಾಗಿ ಅಲ್ಲಿಂದಲೇ ಸಣ್ಣಗೆ ಕೆಂಪು ಹೊಳಪು.

ಪ್ಯಾಕೆಟ್ ಮೆಹಂದಿ ಕೆಲವದರಲ್ಲಿ ಲೋಹದ ಲವಣ ಸೇರಿಸಿರುತ್ತಾರಂತೆ. ಅದರ ಮೇಲೆ ಬ್ಲೀಚ್ ಬಿದ್ದರೆ ಕೂದಲು ಬಿಸಿಯಾಗಿ ತಲೆಯ ಮೇಲೆಯೇ ಸುಟ್ಟುಹೋಗಬಹುದು. ಅದಕ್ಕೆ ಮುಂದಿನ ಕುಚ್ಚಿನಿಂದ ಹತ್ತಿಪ್ಪತ್ತು ಎಳೆ ಕತ್ತರಿಸಿ ಗಾಜಿನ ಬಟ್ಟಲಿನಲ್ಲಿ ಪೆರಾಕ್ಸೈಡ್ ಹಾಕಿ ಮುಳುಗಿಸಿ ಇಟ್ಟರು. ಬಿಸಿಯಾಗಲಿಲ್ಲ, ನೊರೆ ಬರಲಿಲ್ಲ. ಕಿವಿಯ ಹಿಂದೆ ಬಣ್ಣದ ಒಂದು ಚುಕ್ಕೆ ಹಚ್ಚಿದರು. 48 ತಾಸು ತೊಳೆಯಬೇಡಿ, ತುರಿಕೆ, ಉರಿ, ಕೆಂಪು ಏನೇ ಬಂದರೂ ಫೋನ್ ಮಾಡಿ ಎಂದು ಕಳಿಸಿದರು. ಇಷ್ಟಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಎರಡನೇ ಸಲ ಹೋದಾಗ ಎಳೆ ಪರೀಕ್ಷೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದನ್ನು ನೋಡಿದ ಮೇಲೆಯೇ ನನ್ನ ಭಯ ಹೋಗಿದ್ದು. ಕುತ್ತಿಗೆ ಹತ್ತಿರ ಒಳಗಿನ ಪದರದಿಂದ ಪೆನ್ಸಿಲಿನಷ್ಟು ದಪ್ಪದ ಒಂದು ಕುಚ್ಚು, ಮುಂದಿನ ಮದರಂಗಿ ಜಾಗದಿಂದ ಇನ್ನೊಂದು ಕುಚ್ಚು ತೆಗೆದು ಎರಡಕ್ಕೂ ಬ್ಲೀಚ್ ಹಚ್ಚಿ ಫಾಯಿಲ್‌ನಲ್ಲಿ ಮಡಚಿದರು. ಹತ್ತು ನಿಮಿಷಕ್ಕೊಮ್ಮೆ ಫಾಯಿಲ್ ತೆರೆದು ಒದ್ದೆ ಹತ್ತಿಯಿಂದ ಒಂದಿಷ್ಟು ಒರೆಸಿ ನಮಗೆ ತೋರಿಸುತ್ತಿದ್ದರು. ಮೊದಲು ಕಪ್ಪು ಹೋಗಿ ಇಟ್ಟಿಗೆ ಕೆಂಪು ಬಂತು. ಆಮೇಲೆ ತಾಮ್ರದ ಚೊಂಬಿನ ಬಣ್ಣ. ಆಮೇಲೆ ಅಂಕೋಲೆಯ ಕರಿ ಇಶಾಡು ಮಾವಿನಹಣ್ಣಿನ ತಿರುಳಿನ ಬಣ್ಣ. ಕೊನೆಗೆ ಹಿಂದಿನ ಕುಚ್ಚು ಬಾಳೆಹಣ್ಣಿನ ಸಿಪ್ಪೆಯ ಹಳದಿಗೆ ಬಂದು ನಿಂತಿತು. ಮುಂದಿನ ಕುಚ್ಚು ಮಾವಿನಹಣ್ಣಿನ ಹತ್ತಿರವೇ ಸಿಕ್ಕಿಕೊಂಡು ಮುಂದೆ ಹೋಗಲೇ ಇಲ್ಲ. ಮದರಂಗಿಯ ಬಣ್ಣ ಕೂದಲಿನ ಪ್ರೋಟೀನ್ ಜೊತೆ ಗಟ್ಟಿಯಾಗಿ ಕೂತುಬಿಟ್ಟಿರುತ್ತದೆ, ಸುಲಭವಾಗಿ ಬಿಡುವುದಿಲ್ಲ ಎಂದರು. ಎರಡನ್ನೂ ತೊಳೆದು, ಒದ್ದೆ ಇರುವಾಗಲೇ ಒಂದೊಂದು ಎಳೆ ಹಿಡಿದು ಎಳೆದು ನೋಡಿದರು. ರಬ್ಬರಿನ ಹಾಗೆ ಎಳೆದಷ್ಟೂ ಬಂದರೆ ಕೂದಲು ಸತ್ತಿದೆ ಎಂದು ಅರ್ಥ. ಎಳೆದು ಬಿಟ್ಟಾಗ ಹಿಂದಕ್ಕೆ ಹೋಗಬೇಕು. ಇವಳದು ಹೋಯಿತು.

ಅಲ್ಲೇ ನಿರ್ಧಾರವೂ ಆಯಿತು. ಮುಂದಿನ ಕೂದಲು ಮುಟ್ಟುವುದು ಬೇಡ. ಹಿಂದಿನ ಒಳಪದರದ ತುದಿ, ಆರು ಇಂಚು ಮಾತ್ರ. ಹೀಗೆ ಮಾಡಿದರೆ ಬ್ಲೀಚ್ ನೆತ್ತಿಗೆ ತಾಗುವುದೇ ಇಲ್ಲ. ಮಗಳ ಮುಖ ಸಣ್ಣಗಾಯಿತು, ಇಡೀ ತಲೆ ಆಗಬೇಕು ಎಂದೇ ಅವಳು ಕನಸು ಕಂಡಿದ್ದು. ಅವರು ಅವಳನ್ನು ಗದರಲಿಲ್ಲ, ಮುದ್ದು ಮಾಡಿ ಏಮಾರಿಸಲೂ ಇಲ್ಲ. ದೊಡ್ಡವರ ಹತ್ತಿರ ಮಾತಾಡುವ ಹಾಗೆ, "ನೋಡು, ನಿನ್ನ ಕೂದಲಿನಲ್ಲಿ ನಾನು ಇಷ್ಟು ಚೆನ್ನಾಗಿ ಮಾಡಬಲ್ಲೆ. ಇದಕ್ಕಿಂತ ಜಾಸ್ತಿ ಮಾಡಿದರೆ ಬಣ್ಣ ಬರ್ತದೆ, ಕೂದಲು ಇರೋದಿಲ್ಲ. ಬೇಡ ಅನಿಸಿದರೆ ಇವತ್ತೇ ಬಿಟ್ಟುಬಿಡುವಾ, ನಂಗೇನೂ ಬೇಜಾರಿಲ್ಲ" ಎಂದರು. ಅವಳು ಐದು ನಿಮಿಷ ಕನ್ನಡಿ ನೋಡಿಕೊಂಡು ಕೂತಳು. ಆಮೇಲೆ ಆಗಲಿ ಎಂದಳು. ಬರುವ ಗಿರಾಕಿಗೆ ಬೇಡ ಅನ್ನುವ ಧೈರ್ಯ ಇರುವ ಪಾರ್ಲರ್‌ಗೇ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಎಂದು ನನಗೆ ಅನಿಸಿದ್ದು ಆಗಲೇ.

ಬಣ್ಣದ ಆಯ್ಕೆಯಲ್ಲೂ ಅವರ ಅನುಭವ ಕಂಡಿತು. ನಮ್ಮ ಕಪ್ಪು ಕೂದಲಿನ ಮೇಲೆ ನೀಲಿ ಹಚ್ಚಿದರೆ ಕಾಣುವುದೇ ಇಲ್ಲ, ಕಪ್ಪು ಸ್ಲೇಟಿನ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಹಾಗೆ. ಅದಕ್ಕೇ ಮೊದಲು ಕಪ್ಪು ತೆಗೆಯಬೇಕು. ಪಾರ್ಲರ್‌ನವರ ಲೆಕ್ಕದಲ್ಲಿ ಕೂದಲಿಗೆ 1ರಿಂದ 10ರವರೆಗೆ ಮೆಟ್ಟಿಲು, 1 ಅಂದರೆ ಕಡು ಕಪ್ಪು, 10 ಅಂದರೆ ತೀರಾ ತಿಳಿ ಹಳದಿ. ನಮ್ಮದೆಲ್ಲ 1, 2. ಅಪ್ಪಟ ನೀಲಿ ಬೇಕಾದರೆ 9, 10ರವರೆಗೆ ಹತ್ತಿಸಬೇಕು. ಹಳದಿ ಉಳಿದಿರುವಾಗಲೇ ನೀಲಿ ಹಚ್ಚಿದರೆ ಹಸಿರಾಗುತ್ತದೆ, ಚಿತ್ರ ಬಿಡಿಸುವ ಮಕ್ಕಳಿಗೂ ಗೊತ್ತಿರುವುದೇ. ಆದರೆ ನಮಗೆ ಬೇಕಿದ್ದದ್ದೇ ಹಸಿರು ಸೇರಿದ ನೀಲಿ ಅಲ್ವಾ? "ಹಾಗಿದ್ರೆ 8ಕ್ಕೆ ನಿಲ್ಲಿಸುವಾ. ಆ ಹಳದಿಯನ್ನೇ ನಮ್ಮ ಕೆಲಸಕ್ಕೆ ಬಳಸಿಕೊಳ್ಳುವಾ" ಎಂದರು. ಎರಡು ಮೆಟ್ಟಿಲಿನಷ್ಟು ಬ್ಲೀಚ್ ಉಳಿಯಿತು. 40ರ ಬದಲು 20 ವಾಲ್ಯೂಮ್ ಹಾಕಿದರು. 20 ಅಂದರೆ 6 ಶೇಕಡಾ ಪೆರಾಕ್ಸೈಡ್, 40 ಅಂದರೆ 12. ನಿಧಾನ ಆಗುತ್ತದೆ, ಆದರೆ ಕೂದಲಿಗೆ ಏಟು ಕಡಿಮೆ.

ಬಣ್ಣ ಸೆಮಿ ಪರ್ಮನೆಂಟ್. ಅದರಲ್ಲಿ ಅಮೋನಿಯಾ ಇಲ್ಲ, ಪೆರಾಕ್ಸೈಡ್ ಬೆರೆಸುವುದೂ ಇಲ್ಲ. ಕಂಡಿಷನರ್ ಹಾಗೆ ಮಂದವಾಗಿ ಇರುತ್ತದೆ, ಟ್ಯೂಬಿನಿಂದ ತೆಗೆದು ಹಾಗೇ ಹಚ್ಚುವುದು. ಪ್ರತಿ ಸಲ ತೊಳೆದಾಗ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹಾಗಾಗಿ ನಮ್ಮಂಥವರಿಗೆ ಇದೇ ಸರಿ. ಬಣ್ಣ ತೊಳೆದು ಹೋಗುತ್ತದೆ, ಆದರೆ ಬ್ಲೀಚ್ ಆದ ಕೂದಲು ಮತ್ತೆ ಕಪ್ಪಾಗುವುದಿಲ್ಲ, ಬುಡದಿಂದ ಹೊಸದು ಬರಬೇಕು ಅಷ್ಟೇ. ಇದನ್ನು ಅವರು ನನಗಲ್ಲ, ಮಗಳಿಗೆ ಎರಡು ಸಲ ಹೇಳಿ, ಅವಳ ಬಾಯಿಂದಲೇ ತಿರುಗಿ ಹೇಳಿಸಿದರು. ಅದು ನನಗೆ ತುಂಬಾ ಹಿಡಿಸಿತು.

ಕೆಲಸದ ದಿನ ಬೆಳಿಗ್ಗೆ 10ಕ್ಕೆ ಬರಹೇಳಿದ್ದರು, ಶುರುವಾಗಿದ್ದು 11ಕ್ಕೆ. ಮುಗಿದಾಗ ಮಧ್ಯಾಹ್ನ 3 ದಾಟಿತ್ತು. ಮೇ ತಿಂಗಳ ಕಾರವಾರದ ಸೆಕೆ ಗೊತ್ತಲ್ಲ, ಮಧ್ಯದಲ್ಲಿ ಕರೆಂಟ್ ಹೋಗಿ ಮುಕ್ಕಾಲು ತಾಸು ಫ್ಯಾನ್ ಇಲ್ಲ, ಬ್ಲೀಚಿನ ವಾಸನೆ ಬೇರೆ. ಅವರು ಕೂಡಲೇ ಎರಡೂ ಬಾಗಿಲು ತೆಗೆದಿಟ್ಟು, ನಮಗೆ ಕೋಕಂ ಪಾನಕ ಮಾಡಿ ಕೊಟ್ಟರು. ತಲೆ ತೊಳೆಯುವ ಬೇಸಿನ್ ಒಂದೇ, ಕುತ್ತಿಗೆ ಇಡುವ ಜಾಗ ಗಟ್ಟಿ, ಮಗಳಿಗೆ ನೋವಾಯಿತು. ಒಂದು ಫಾಯಿಲ್ ಜಾರಿ ಒಂದು ಕುಚ್ಚು ಸರಿಯಾಗಿ ತಿಳಿಯಾಗಲಿಲ್ಲ, ಬಣ್ಣ ಹಚ್ಚಿದ ಮೇಲೆ ಅದು ಕೆಸರು ಹಸಿರು ಕಂಡಿತು. ಅದನ್ನು ನಾನು ನೋಡುವ ಮೊದಲೇ ಅವರೇ ತೋರಿಸಿ, ವಾರ ಬಿಟ್ಟು ಬನ್ನಿ, ಸರಿ ಮಾಡಿಕೊಡುತ್ತೇನೆ ಎಂದರು. ಮಾಡಿಯೂ ಕೊಟ್ಟರು, ದುಡ್ಡು ತೆಗೆದುಕೊಳ್ಳದೆ. ಕಿವಿಯ ತುದಿಗೆ ಹತ್ತಿದ ಬಣ್ಣ ಮೂರು ದಿನ ಹೋಗಲಿಲ್ಲ. ಮೊದಲೇ ಸ್ವಲ್ಪ ತೆಂಗಿನೆಣ್ಣೆ ಸವರಿದ್ದರೆ ಹತ್ತುತ್ತಿರಲಿಲ್ಲವೇನೋ.

ಗರಿಯ ಬಣ್ಣವೇ ಬಂತಾ? ಇಲ್ಲ. ಮಗಳು ಗರಿಯನ್ನು ಕೂದಲಿನ ಪಕ್ಕ ಹಿಡಿದು ನೋಡಿದಳು. ನವಿಲುಗರಿಯ ನೀಲಿ, ಹಸಿರು ಬರುವುದು ಬಣ್ಣದಿಂದಲ್ಲ. ಗರಿಯೊಳಗಿನ ಬಹಳ ಸೂಕ್ಷ್ಮ ರಚನೆಗೆ ಬೆಳಕು ಬಿದ್ದು ಹುಟ್ಟುವ ಹೊಳಪು ಅದು, ಒಳಗೆ ಇರುವುದು ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್‌ನೇ. ಟ್ಯೂಬಿನ ಯಾವ ಬಣ್ಣವೂ ಹಾಗೆ ತಿರುಗಿಸಿದಂತೆ ಬದಲಾಗುವುದಿಲ್ಲ. ಆದರೆ ಬಂದ ಬಣ್ಣ ತುಂಬಾ ಚೆನ್ನಾಗಿತ್ತು. ಕೂದಲು ಬಿಟ್ಟರೆ ಮೇಲಿನ ಕಪ್ಪಿನ ಕೆಳಗೆ ಅರ್ಧ ಅಡಗಿ, ನಡೆದಾಡುವಾಗ ಮಾತ್ರ ಇಣುಕುತ್ತಿತ್ತು. ಜಡೆ ಹಾಕಿದರೆ ಕಪ್ಪು, ನವಿಲು, ಕಪ್ಪು, ನವಿಲು ಎಂದು ಹೆಣೆದುಕೊಂಡು ಬರುತ್ತಿತ್ತು. ಆವತ್ತು ಸಂಜೆ ಟಾಗೋರ್ ಬೀಚಿಗೆ ಹೋದಾಗ ಗಾಳಿಗೆ ಕೂದಲು ಹಾರಿದ್ದೇ ತಡ, ಅವಳ ನಗು ನೋಡಬೇಕಿತ್ತು. ನೀರಿಗೆ ಮಾತ್ರ ಇಳಿಯಲಿಲ್ಲ. ಉಪ್ಪುನೀರು, ಬಿಸಿಲು ಎರಡೂ ಬಣ್ಣವನ್ನು ಬೇಗ ತಿನ್ನುತ್ತವೆ.

ತೊಳೆಯುವ ಬಗ್ಗೆ ಅವರು ಹೇಳಿದ್ದು: ವಾರಕ್ಕೊಮ್ಮೆ ಸಾಕು, ತಣ್ಣೀರು, ಶಾಂಪೂ ಕಡಿಮೆ, ಹಳೆಯ ಟವೆಲ್, ಹಳೆಯ ದಿಂಬಿನ ಕವರ್. ಮೊದಲ ಸಲ ತೊಳೆದಾಗ ಬಚ್ಚಲಿನ ನೀರು ನೀಲಿಯಾಗಿ ಹರಿದು, ಎಲ್ಲಾ ಹೋಯ್ತು ಎಂದು ಮಗಳು ಕೂಗಿಕೊಂಡಳು. ಅದು ಮೇಲೆ ಉಳಿದ ಬಣ್ಣ ಅಷ್ಟೇ. ಮುಂದಿನ ವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆವು. ನನ್ನ ಅಮ್ಮ ಏನನ್ನುತ್ತಾರೋ ಎಂದು ದಾರಿಯುದ್ದಕ್ಕೂ ಯೋಚನೆ. ಅವರು ಜಡೆ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಚೊಲೋ ಕಾಣ್ತು ಕೂಸೆ" ಎಂದರು. ಆಮೇಲೆ, ತುದಿ ಒಣಗಿದೆ ಎಂದು ನನ್ನನ್ನು ಬೈದರು.

ತುದಿ ಒಣಗಿದ್ದು ನಿಜ. ಎಷ್ಟೇ ಜಾಗ್ರತೆ ಮಾಡಿದರೂ ಬ್ಲೀಚ್ ಬ್ಲೀಚೇ. ಬೆರಳಿಗೆ ತೆಂಗಿನ ನಾರಿನ ಹಾಗೆ ಸಿಗುತ್ತಿತ್ತು. ಅಮ್ಮ ಮರುದಿನ ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿ, ಶಾಂಪೂ ಬದಲು ಅದರಲ್ಲೇ ತಲೆ ತೊಳೆಸಿದರು. ಆ ಲೋಳೆಗೆ ಸಿಕ್ಕು ತಾನಾಗಿ ಬಿಟ್ಟುಕೊಂಡಿತು, ಬಣ್ಣವೂ ಶಾಂಪೂವಿನಷ್ಟು ಹೋಗಲಿಲ್ಲ. ಆಮೇಲೆ ಇಡೀ ರಜೆ ನಾವು ಅದನ್ನೇ ಬಳಸಿದೆವು. ಎಣ್ಣೆ ಮಾತ್ರ ಬೇರೆ ಕಥೆ. ತೊಳೆಯುವ ಮೊದಲು ತೆಂಗಿನೆಣ್ಣೆ ಹಚ್ಚಿದರೆ ಕೂದಲಿನ ಪ್ರೋಟೀನ್ ನೀರಿನಲ್ಲಿ ಹೋಗುವುದು ಕಡಿಮೆಯಾಗುತ್ತದೆ, ಕೂದಲಿಗೆ ಒಳ್ಳೆಯದೇ. ಆದರೆ ಎಣ್ಣೆ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಮೊದಲ ಸಲ ಎಣ್ಣೆ ತಿಕ್ಕಿ ಎದ್ದಾಗ ಅಮ್ಮನ ಹತ್ತು ಬೆರಳೂ, ಉಗುರಿನ ಸಂದಿಯೂ ಸೇರಿ, ನವಿಲು ಬಣ್ಣ. ಆ ಕೈಯಲ್ಲೇ ಮಧ್ಯಾಹ್ನ ಎಲ್ಲರಿಗೂ ತಂಬುಳಿ ಬಡಿಸಿದರು. ಎಣ್ಣೆ ಮೇಲಿನ ಕಪ್ಪು ಕೂದಲಿಗೆ ಎಷ್ಟಾದರೂ ಹಚ್ಚಿ, ಬಣ್ಣದ ತುದಿಗೆ ಹದಿನೈದು ದಿನಕ್ಕೊಮ್ಮೆ ಸಾಕು ಎಂದು ನಾವು ಕಂಡುಕೊಂಡೆವು.

ಮೂರು ವಾರ ಬಣ್ಣ ಗಾಢವಾಗಿತ್ತು. ಐದನೇ ವಾರಕ್ಕೆ ಪಾಚಿ ಹಸಿರು, ಅದೂ ಅವಳಿಗೆ ಇಷ್ಟವೇ ಆಯಿತು.

ಖರ್ಚು ಒಟ್ಟು 2,600 ರೂಪಾಯಿ, ಟ್ಯೂಬ್ ಸೇರಿ. ಉಳಿದ ಅರ್ಧ ಟ್ಯೂಬ್ ಪ್ಲಾಸ್ಟಿಕ್ ಕಟ್ಟಿ ನಮ್ಮ ಕೈಗೇ ಕೊಟ್ಟರು. ಮೊದಲ ಜಾಗದಲ್ಲಿ ಇಡೀ ತಲೆಗೆ 6,000 ಹೇಳಿದ್ದರು. ಬಿಲ್ ಕೊಡುವುದಿಲ್ಲ, ಫೋನ್ ಪೇ ಆಗುತ್ತದೆ. ಸಮಯಕ್ಕೆ ಸರಿಯಾಗಿ ಶುರು ಮಾಡುವುದಿಲ್ಲ, ಆ ಒಂದು ವಿಷಯ ಅವರು ತಿದ್ದಿಕೊಳ್ಳಬೇಕು. ಬಸ್ಸಿನಲ್ಲಿ ಅಂಕೋಲೆ, ಕುಮಟೆಯಿಂದ ಬರುವವರಿಗೆ ಒಂದು ತಾಸು ಸುಮ್ನೆ ಕೂರುವುದು ಕಷ್ಟ.

ಕಾಲೇಜು ಶುರುವಾಗುವ ಹಿಂದಿನ ಶನಿವಾರ ಮತ್ತೆ ಹೋದೆವು. ಅದರ ಮೇಲೆ ಕಪ್ಪು ಡೈ ಹೊಡೆಯುವಾ ಎಂದು ನಾನು ಹೇಳಿದ್ದಕ್ಕೆ ಬೇಡ ಎಂದರು. ಈ ವಯಸ್ಸಿಗೆ ಪಿಪಿಡಿ ಯಾಕೆ ಸುಮ್ನೆ, ಒಳಪದರದ ಆರು ಇಂಚು ಕತ್ತರಿಸಿದರೆ ಆಯಿತು ಎಂದರು. ಮೇಲಿನ ಕೂದಲು ಹಾಗೇ ಸೊಂಟದವರೆಗೆ ಇದೆ, ಜಡೆ ಸ್ವಲ್ಪ ಸಪೂರ ಆಗಿದೆ ಅಷ್ಟೇ. ಕತ್ತರಿಸಿದ ಕೂದಲನ್ನು ಅವರು ಗುಡಿಸಿ ಬಿಸಾಡಲಿಲ್ಲ. ಕಾಗದದಲ್ಲಿ ಸುತ್ತಿ ಮಗಳ ಕೈಯಲ್ಲಿ ಕೊಟ್ಟರು. ಅವಳು ಬಸ್ಸಿನಲ್ಲಿ ಮನೆಗೆ ಬರುವವರೆಗೂ ಆ ಪೊಟ್ಟಣ ಬ್ಯಾಗಿಗೆ ಹಾಕಲಿಲ್ಲ, ಮಡಿಲಲ್ಲೇ ಇಟ್ಟುಕೊಂಡಿದ್ದಳು. ದೀಪಾವಳಿ ರಜೆಗೆ ನೇರಳೆ ಆಗುತ್ತದಾ ಎಂದು ಅವರನ್ನು ಕೇಳಿಯೂ ಬಂದಿದ್ದಾಳೆ. ಮೊದಲು ಕಿವಿಯ ಹಿಂದೆ ಚುಕ್ಕೆ ಹಚ್ಚಬೇಕು, ಎರಡು ದಿನ ಮುಂಚೆ ಬಾ ಎಂದಿದ್ದಾರೆ.